ಗಂಟೆ ಹೂವಿನ ತೀರ್ಥ

ನಮ್ಮ ಮನೆಯಲ್ಲಿ ಕಸದ ಡಬ್ಬಿ ಹೊರಗಿಡುವುದು ಗಂಡನ ಕೆಲಸ, ಪೂಜೆ ಅತ್ತೆಯದು, ಹೆದರಿಕೊಳ್ಳುವುದು ನನ್ನದು. ಈ ಹಂಚಿಕೆಯನ್ನು ಯಾರೂ ಕೂತು ಮಾಡಿದ್ದಲ್ಲ. ಮದುವೆಯಾಗಿ ಲಾಸ್ ಏಂಜಲೀಸಿಗೆ ಬಂದು ಚಾಟ್ಸ್‌ವರ್ತ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಸಂಸಾರ ಹೂಡಿದ ಮೊದಲ ವರ್ಷವೇ ಹಿಂದಿನ ಗುಡ್ಡಕ್ಕೆ ಬೆಂಕಿ ಬಿತ್ತು. ಬೆಳಗ್ಗೆ ಎದ್ದು ನೋಡಿದರೆ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತ್ತು, ಕಾರಿನ ಮೇಲೆ ಬೂದಿ ಉದುರಿತ್ತು. ಅವತ್ತು ಹಿಡಿದ ಹೆದರಿಕೆ ನನ್ನನ್ನು ಬಿಟ್ಟಿಲ್ಲ. ಆಮೇಲೆ ಗಂಡನಿಗೆ ಸ್ಯಾನ್ ಡಿಯೇಗೋದ ಟೆಲಿಕಾಂ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ಕಾರ್ಮೆಲ್ ವ್ಯಾಲಿಗೆ ಬಂದೆವು. ಸಾಮಾನಿನ ಜೊತೆ ಹೆದರಿಕೆಯೂ ಬಂತು. ಪಾಸ್‌ಪೋರ್ಟು, ಟಾರ್ಚು, ಮಗಳ ಎರಡು ಜೊತೆ ಬಟ್ಟೆ, ಒಂದು ಪೊಟ್ಟಣ ಅವಲಕ್ಕಿ ತುಂಬಿದ ಬ್ಯಾಗೊಂದು ನಮ್ಮ ಬಾಗಿಲ ಪಕ್ಕ ಸದಾ ತಯಾರಿರುತ್ತದೆ. ಭೂಕಂಪಕ್ಕೆ ಬೀಳದಿರಲಿ ಎಂದು ಕಪಾಟುಗಳನ್ನೆಲ್ಲ ಗೋಡೆಗೆ ಸ್ಕ್ರೂ ಹಾಕಿ ಬಿಗಿಸಿದ್ದೇನೆ.

ಅತ್ತೆಗೆ ಇದೆಲ್ಲ ತಮಾಷೆ. ಅವರು ಗದಗದ ಕಡೆಯವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಬಂದು ನೆಲೆಸಿದರು. ಎದೆಬಡಿತ ಆಗಾಗ ತಾಳ ತಪ್ಪುತ್ತದೆ ಎಂದು ಡಾಕ್ಟರು ದಿನಕ್ಕೊಂದು ಪುಟ್ಟ ಬಿಳಿ ಮಾತ್ರೆ ಬರೆದುಕೊಟ್ಟಿದ್ದರು. ಅದನ್ನು ನೆನಪಿಸುವುದೂ ನನ್ನ ಕೆಲಸವೇ. "ನೀ ಅಂಜೂದು ನೋಡಿದ್ರ ನನ್ನ ಎದಿ ಇನ್ನಷ್ಟು ಬಡಕೋತದ ನೋಡವಾ," ಎಂದು ನಕ್ಕು ಮಾತ್ರೆ ನುಂಗುತ್ತಿದ್ದರು. ನಾನು ಬೆಂಗಳೂರಿನವಳು. ಅವರ ಮಾತಿನ ಬಿರುಸು ಅಭ್ಯಾಸವಾಗಲು ವರ್ಷಗಳೇ ಹಿಡಿದವು. ಅಭ್ಯಾಸವಾದ ಮೇಲೆ ಅದಿಲ್ಲದೆ ಬೆಳಗಾಗುವುದೇ ಕಷ್ಟವಾಯಿತು.

ಅವರಿಗೊಂದು ಚಟವಿತ್ತು. ಬೆಳಗ್ಗೆ ವಾಕಿಂಗ್ ಹೋಗುವಾಗ ಕೈಯಲ್ಲೊಂದು ಪ್ಲಾಸ್ಟಿಕ್ ಕವರ್ ಹಿಡಿದು, ಕಂಡವರ ಬೇಲಿಯಿಂದ ಪೂಜೆಗೆ ಹೂ ಕಿತ್ತು ತರುವುದು. ನಮ್ಮೂರುಗಳಲ್ಲಿ ಇದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ದೇವರ ಹೆಸರು ಹೇಳಿದರೆ ಮನೆಯವರೇ ಕೊಂಬೆ ಬಗ್ಗಿಸಿ ಕೊಡುತ್ತಾರೆ. ಕಾರ್ಮೆಲ್ ವ್ಯಾಲಿಯಲ್ಲಿ ಮಾತ್ರ ಪಕ್ಕದ ಮನೆಯವರು ಒಂದು ದಿನ ನಗುನಗುತ್ತಲೇ ಬಂದು ತಮ್ಮ ದಾಸವಾಳದ ಬಗ್ಗೆ ವಿಚಾರಿಸಿಕೊಂಡು ಹೋದರು. ನನಗೆ ಅದಕ್ಕಿಂತ ದೊಡ್ಡ ಚಿಂತೆ ರಸ್ತೆಬದಿಯ ಕಣಗಿಲೆಯದು. ಅದು ವಿಷ ಎಂದು ಸ್ಕೂಲಿನಲ್ಲಿ ಮಕ್ಕಳಿಗೂ ಹೇಳಿಕೊಡುತ್ತಾರೆ. ಅತ್ತೆಗೆ ಹೇಳಿದಾಗ ಅವರಿಗೆ ರೇಗಿತು. "ಕಣಗಿಲಿ ವಿಷ ಅಂತ ನನಗ ಗೊತ್ತಿಲ್ಲೇನು? ಅದನ್ನ ದೇವರ ತಲಿಮ್ಯಾಲೆ ಏರಿಸ್ತೀವಿ, ತೀರ್ಥದಾಗ ಹಾಕೂದಿಲ್ಲ. ನನ್ನ ಗಿಡಾ ನನಗ ಗೊತ್ತವ." ಅದು ನಿಜ. ತೀರ್ಥಕ್ಕೆ ಹಿತ್ತಲಿನ ಕುಂಡದ ತುಳಸಿ ಬಿಟ್ಟು ಬೇರೇನೂ ಬೀಳುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ಮೊದಲ ಉದ್ಧರಣೆ ತೀರ್ಥ ಮೊಮ್ಮಗಳ ಅಂಗೈಗೆ, ಆಮೇಲೆ ನಮಗೆ, ಕೊನೆಗೆ ತಮಗೆ. ಅದೇ ಪದ್ಧತಿ.

ಮಗಳಿಗೆ ಏಳು ವರ್ಷವಿದ್ದಾಗ, ಜೂನ್ ತಿಂಗಳಲ್ಲಿ, ಗಂಡನಿಗೆ ಐರ್ಲೆಂಡಿನ ಆಫೀಸಿನಲ್ಲಿ ಒಂದು ವಾರದ ಕೆಲಸ ಬಂತು. ಮಗಳಿಗೆ ರಜೆ. ಎಲ್ಲರೂ ಹೋಗೋಣ ಎಂದು ಅವರೇ ಹುರುಪಿನಿಂದ ಹಳ್ಳಿಗಾಡಿನಲ್ಲಿರುವ ಹಳೆಯ ಬಂಗಲೆಯೊಂದನ್ನು ಬುಕ್ ಮಾಡಿದರು. ಇನ್ನೂರು ವರ್ಷದ ಮನೆ, ಈಗ ಆರು ಕೋಣೆಗಳ ಹೋಟೆಲು. ಫೋಟೋದಲ್ಲಿ ಬಹಳ ಚೆನ್ನಾಗಿತ್ತು. ನಾನು ಫೋಟೋದಲ್ಲಿ ನೋಡಿದ್ದು ಮಾಡಿನ ಮೇಲೆ ಸಾಲಾಗಿ ನಿಂತಿದ್ದ ಇಟ್ಟಿಗೆಯ ಚಿಮಣಿಗಳನ್ನು. ಕ್ಯಾಲಿಫೋರ್ನಿಯಾದಲ್ಲಿ ಇದ್ದವರಿಗೆ ಇಟ್ಟಿಗೆಯ ಚಿಮಣಿ ಕಂಡರೆ ಅದು ಯಾರ ತಲೆಯ ಮೇಲೆ ಬೀಳುತ್ತದೆ ಎಂಬ ಯೋಚನೆ ಮೊದಲು ಬರುತ್ತದೆ.

ಭಾನುವಾರ ಸಂಜೆ ತಲುಪಿದೆವು. ಜಲ್ಲಿ ಹಾಸಿದ ಉದ್ದ ದಾರಿ, ಎರಡೂ ಕಡೆ ನೂರಾರು ವರ್ಷದ ಮರಗಳು, ಚಿಮಣಿಯ ಮೇಲೆ ಕಾಗೆಗಳ ಗಲಾಟೆ. ಮನೆಯೊಡತಿ ಎಪ್ಪತ್ತು ದಾಟಿದ ಹೆಂಗಸು. ಮೊಣಕೈ ತೂತಾದ ಸ್ವೆಟರ್, ಕೆಸರಿನ ಗಮ್ ಬೂಟು, ಹಿಂದೊಂದು ಒದ್ದೆ ನಾಯಿ. ಇದು ಅವರ ಅಜ್ಜನ ಮನೆಯಂತೆ. ಮಾಡು ಸೋರುವುದನ್ನು ನಿಲ್ಲಿಸಲು ಹೋಟೆಲು ಮಾಡಿದೆ ಎಂದರು. ಒಳಗೆ ಹೋದರೆ ಗೋಡೆಯ ತುಂಬ ಸತ್ತವರ ಚಿತ್ರ, ಜಿಂಕೆಯ ತಲೆ. ನಡೆದಲ್ಲೆಲ್ಲ ಹಲಗೆ ಕಿರುಗುಟ್ಟುತ್ತಿತ್ತು. ನಮ್ಮ ಕೋಣೆಗೆ ಬೀಗ ಇರಲಿಲ್ಲ. ಕೇಳಿದೆ. "ಬೀಗವೇ? ಯಾರು ಬರ್ತಾರೆ?" ಎಂದು ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. ಮೊಬೈಲಿಗೆ ಸಿಗ್ನಲ್ ಇಲ್ಲ, ಕೆಳಗೆ ಹಜಾರದಲ್ಲಿ ಒಂದು ಲ್ಯಾಂಡ್‌ಲೈನ್ ಇದೆ ಎಂದರು. ನಮ್ಮ ಕೋಣೆಯ ಒಲೆಗೂಡಿನಲ್ಲಿ, ಜೂನ್ ತಿಂಗಳಲ್ಲಿ, ಬೆಂಕಿ ಉರಿಯುತ್ತಿತ್ತು. ಕೆಳಗೆ ಒಣಗಿದ ಮರದ ನೆಲ, ಮೇಲೆ ಮರದ ಚಾವಣಿ, ಕಿಟಕಿಗೆ ನೆಲ ಮುಟ್ಟುವ ಪರದೆ.

ಅತ್ತೆಗೆ ಮನೆ ತುಂಬ ಹಿಡಿಸಿತು. ಕಿಟಕಿಯ ಬಳಿಯ ಮೇಜಿನ ಮೇಲೆ ತಮ್ಮ ಪುಟ್ಟ ಹಿತ್ತಾಳೆಯ ಬಾಲಕೃಷ್ಣನನ್ನು ಇಟ್ಟು, ಬೆಳ್ಳಿಯ ಬಟ್ಟಲು, ಉದ್ಧರಣೆ, ಹಣತೆ ಎಲ್ಲವನ್ನೂ ಜೋಡಿಸಿ, ಬತ್ತಿ ಹೊಸೆಯತೊಡಗಿದರು.

"ದೀಪ ಬೇಡ ಅತ್ತೆ," ಎಂದೆ. "ಈ ಮನೆ ಒಂದು ಕಿಡಿ ಬಿದ್ರೆ ಸಾಕು, ಹತ್ಕೊಳತ್ತೆ."

"ಅಲ್ಲೆ ಒಲಿಯೊಳಗ ಬೆಂಕಿ ಉರಿಯೂದು ಕಾಣಸೂದಿಲ್ಲೇನು ನಿನಗ?"

"ಅದನ್ನೂ ಆರಿಸೋಕೆ ಹೇಳ್ತೀನಿ."

ಹೇಳಿದೆ, ಮನೆಯೊಡತಿ ಬಂದು ಆರಿಸಿದರು. ಅತ್ತೆ ಹೊಸೆದ ಬತ್ತಿಯನ್ನು ಡಬ್ಬಿಗೆ ಹಾಕಿ ಮುಚ್ಚಿದರು. ದೀಪವಿಲ್ಲ, ತುಳಸಿಯೂ ಇಲ್ಲ, ಇದೆಂಥ ಪೂಜೆ ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ತುಳಸಿಯ ಕುಂಡ ಸ್ಯಾನ್ ಡಿಯೇಗೋದಲ್ಲೇ ಉಳಿದಿತ್ತು. ಏರ್‌ಪೋರ್ಟಿನಲ್ಲಿ ಎಲೆ ಹಿಡಿದುಕೊಂಡು ತೊಂದರೆಯಾದೀತು ಎಂದು ನಾನೇ ಬೇಡ ಅಂದಿದ್ದೆ. "ಆತು ಬಿಡು, ದೀಪದ ಬದಲಿ ಹೂವಾರ ಎರಡು ಹೆಚ್ಚು ಏರಸ್ತೀನಿ," ಎಂದು ಮಲಗಿದರು. ನಾನು ಬಾಗಿಲಿಗೆ ಕುರ್ಚಿ ಒರಗಿಸಿ, ಮಗಳನ್ನು ಚಿಮಣಿಯಿರುವ ಗೋಡೆಯಿಂದ ದೂರಕ್ಕೆ ಎಳೆದುಕೊಂಡು ಮಲಗಿದೆ.

ಸೋಮವಾರ ಬೆಳಗ್ಗೆ ಗಂಡ ಬಾಡಿಗೆ ಕಾರು ತೆಗೆದುಕೊಂಡು ಊರಿನ ಆಫೀಸಿಗೆ ಹೊರಟರು. ಎರಡು ಗಂಟೆಯ ದಾರಿ. ಜಲ್ಲಿಯ ಮೇಲೆ ಚಕ್ರದ ಸದ್ದು ಕೇಳದಾಗುವವರೆಗೂ ಕಿಟಕಿಯಲ್ಲೇ ನಿಂತಿದ್ದೆ. ನಮ್ಮ ಕಡೆ ಹಾಲು ತರಲೂ ಕಾರೇ ಬೇಕು. ಕಾರಿಲ್ಲದೆ ಒಂದು ಇಡೀ ದಿನ ನಾನು ಕಳೆದು ಎಷ್ಟು ಕಾಲವಾಗಿತ್ತೋ. ಅತ್ತೆ ಅಷ್ಟರಲ್ಲಿ ಸ್ನಾನ ಮುಗಿಸಿ ಪೂಜೆಗೆ ಕೂತಿದ್ದರು. ಅಲ್ಲಿ ನಾಲ್ಕೂವರೆಗೇ ಬೆಳಕಾಗುತ್ತದೆ. ಅವರು ಆಗಲೇ ಎದ್ದು ತೋಟ ಸುತ್ತಿ ಬಂದಿದ್ದರೆಂದು ಅವರ ಸೀರೆಯ ಅಂಚು ಒದ್ದೆಯಾಗಿದ್ದರಿಂದ ಗೊತ್ತಾಯಿತು. ಬೀಗವಿಲ್ಲದ ಮನೆಯಿಂದ ಒಬ್ಬರೇ ಹೊರಗೆ ಹೋಗಿದ್ದರಲ್ಲ ಎಂದು ನನಗೆ ಸಿಟ್ಟು ಬಂತು. ಕೃಷ್ಣನ ಮುಂದೆ ನೇರಳೆ ಬಣ್ಣದ ಹೂವಿನ ರಾಶಿ. ಪುಟ್ಟ ಗಂಟೆಗಳ ಹಾಗೆ ಇದ್ದವು, ಒಳಗೆ ಚುಕ್ಕೆ ಚುಕ್ಕೆ. ಚೆಂದವೇ ಇದ್ದವು. ನಾನು ಏನೂ ಕೇಳಲಿಲ್ಲ, ಸ್ನಾನಕ್ಕೆ ಹೋದೆ.

ತಿಂಡಿಗೆ ಕೆಳಗಿಳಿದೆವು. ಮಗಳು ಮುಂದೆ ಓಡಿದಳು. ಮನೆಯೊಡತಿ ಓಟ್ಸ್ ಗಂಜಿಯ ಪಾತ್ರೆ ಹಿಡಿದು ಬಂದವರು ಮಗಳ ಜಡೆಯನ್ನು ನೋಡಿ ನಿಂತರು. ಅಜ್ಜಿ ಮುಡಿಸಿದ್ದ ಪ್ರಸಾದದ ಹೂ ಅಲ್ಲಿತ್ತು.

"ಅದು ಫಾಕ್ಸ್‌ಗ್ಲವ್, ಕಂದಾ. ನಾವು ಅದನ್ನು ಮನೆಯೊಳಗೆ ತರುವುದಿಲ್ಲ. ಕೈ ತೊಳೆದುಕೊಂಡು ಬಾ," ಎಂದರು. ಆಮೇಲೆ ನನ್ನ ಕಡೆ ತಿರುಗಿ ಅದೇ ದನಿಯಲ್ಲಿ, "ವಿಷದ ಗಿಡ. ಮುಟ್ಟಿದರೆ ಪರವಾಗಿಲ್ಲ, ಬಾಯಿಗೆ ಹೋಗಬಾರದು ಅಷ್ಟೇ. ಹೃದಯ ನಿಲ್ಲಿಸಿಬಿಡುತ್ತದೆ," ಎಂದರು.

ನಾನು ಅತ್ತೆಯ ಮುಖ ನೋಡಿದೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ.

"ಅತ್ತೆ, ಆ ಹೂವನ್ನ ಏನು ಮಾಡಿದ್ರಿ?"

"ಪೂಜಾ ಮಾಡಿದೆ. ಯಾಕ?"

"ತೀರ್ಥಕ್ಕೆ ಹಾಕಿದ್ರಾ?"

"ಹಾಕಿದೆ. ತುಳಸಿ ಇಲ್ಲಲ್ಲ, ಬರೇ ನೀರು ಹೆಂಗ ತೀರ್ಥ ಆಗ್ತದ? ಎಳ್ಳಿನ ಹೂವು ಅಂತ ನಾಕು ಹೂವು, ಎರಡು ಎಲಿ ಹಾಕಿದೆ."

ಎಳ್ಳಿನ ಹೂ. ಗದಗದ ಹೊಲದಲ್ಲಿ ಎಳ್ಳು ಹೂ ಬಿಟ್ಟಾಗ ಹೀಗೇ ಗಂಟೆಯ ಹಾಗೆ, ತಿಳಿ ನೇರಳೆ ಬಣ್ಣದಲ್ಲಿ ಇಳಿಬಿದ್ದಿರುತ್ತದಂತೆ. ಇಲ್ಲಿಯದು ದೊಡ್ಡದು; ಇಲ್ಲಿ ಮಳೆ ಹೆಚ್ಚು, ಅದಕ್ಕೇ ಬೆಳೆ ಚೆನ್ನಾಗಿ ಬಂದಿದೆ ಎಂದುಕೊಂಡರಂತೆ. ತಮ್ಮ ಊರಿನ ಗಿಡ ಇಷ್ಟು ದೂರದಲ್ಲಿ ಸಿಕ್ಕಿತು ಎಂಬ ಸಂತೋಷಕ್ಕೆ ಸಹಸ್ರನಾಮವನ್ನು ಪೂರ್ತಿ ಹೇಳಿ ಮುಗಿಸಿದರಂತೆ. ಅಷ್ಟು ಹೊತ್ತೂ ಹೂ, ಎಲೆ ಬೆಳ್ಳಿಯ ಬಟ್ಟಲಿನ ನೀರಿನಲ್ಲಿ ನೆನೆದಿದ್ದವು. ನಾನು ಸ್ನಾನದಲ್ಲಿದ್ದಾಗ ಮೊದಲ ಉದ್ಧರಣೆ, ಪದ್ಧತಿಯಂತೆ, ಮೊಮ್ಮಗಳಿಗೆ ಹೋಗಿತ್ತು. ನಾನಿನ್ನೂ ತೆಗೆದುಕೊಂಡಿರಲಿಲ್ಲವಾದ್ದರಿಂದ ಅವರೂ ಕುಡಿದಿರಲಿಲ್ಲ. ಅಕಾಲ ಮರಣ ತಪ್ಪಲಿ ಎಂಬ ಮಂತ್ರ ಹೇಳಿಯೇ ಕೊಟ್ಟಿದ್ದರು.

"ನೀನು ಕುಡಿದ್ಯಾ?" ಮಗಳ ಎರಡೂ ಭುಜ ಹಿಡಿದು ಕೇಳಿದೆ. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಯೆಸ್. ಇಟ್ಸ್ ಜಸ್ಟ್ ವಾಟರ್, ಅಮ್ಮ."

ಆಮೇಲೆ ನಾನು ಅತ್ತೆಗೆ ಏನೆಂದೆ ಎನ್ನುವುದು ಅಕ್ಷರ ಬಿಡದೆ ನೆನಪಿದೆ. "ನನ್ನ ಮಗಳಿಗೆ ಏನು ಕುಡಿಸಿಬಿಟ್ರಿ? ವಿಷ ಅದು. ವಿಷ ಕುಡಿಸಿದೀರಿ." ಆ ದೊಡ್ಡ ಕೋಣೆಯಲ್ಲಿ ನನ್ನ ದನಿ ಗೋಡೆಗೆ ಬಡಿದು ವಾಪಸು ಬಂತು. ಅತ್ತೆ ಎದ್ದು ನಿಂತರು, ಮಗಳನ್ನು ಮುಟ್ಟಲು ಕೈ ಚಾಚಿದರು. ನಾನು ಮಗಳನ್ನು ನನ್ನ ಕಡೆ ಎಳೆದುಕೊಂಡೆ. ಅವರು ಚಾಚಿದ ಕೈಯನ್ನು ಹಾಗೆಯೇ ಹಿಂದಕ್ಕೆ ತೆಗೆದುಕೊಂಡರು.

ಮನೆಯೊಡತಿ ಹಜಾರಕ್ಕೆ ಹೋಗಿ ಫೋನು ಮಾಡಿದರು. ಅವರ ನಿಧಾನ ನೋಡಿ ನನಗೆ ಮೈಯೆಲ್ಲ ಉರಿಯಿತು. ಹವಾಮಾನ ವಿಚಾರಿಸುವವರ ಹಾಗೆ ಮಾತಾಡಿ, ಪಕ್ಕದ ಪೇಟೆಯಿಂದ ಡಾಕ್ಟರು ಹೊರಟಿದ್ದಾರೆ, ಅರ್ಧ ಗಂಟೆ ಆಗಬಹುದು, ಅಲ್ಲಿಯವರೆಗೆ ವಾಂತಿ ಮಾಡಿಸಲು ಹೋಗಬೇಡಿ, ಮಗುವನ್ನು ಓಡಾಡಲು ಬಿಡಬೇಡಿ ಎಂದರು. ನಾನು ಮಗಳನ್ನು ಮುಂದಿನ ಕೋಣೆಯ ಸೋಫಾದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಅವಳ ಮಣಿಕಟ್ಟು ಹಿಡಿದೆ. ನಾಡಿ ಸಿಗಲಿಲ್ಲ. ಸಿಕ್ಕಿತು. ಮತ್ತೆ ತಪ್ಪಿಹೋಯಿತು. ಬಡಿಯುತ್ತಿರುವುದು ಅವಳ ನಾಡಿಯೋ ನನ್ನದೋ ತಿಳಿಯಲಿಲ್ಲ. ಬೆಂಕಿ ಬಂದರೆ ಯಾವ ಬಾಗಿಲಿಂದ ಓಡಬೇಕು, ನೆಲ ನಡುಗಿದರೆ ಯಾವ ಮೇಜಿನ ಕೆಳಗೆ ತೂರಬೇಕು, ಎಲ್ಲ ನನಗೆ ಗೊತ್ತಿತ್ತು. ಒಂದು ಉದ್ಧರಣೆ ನೀರಿಗೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಗೊತ್ತಿರುವ ದೇವರನ್ನೆಲ್ಲ ಕರೆದೆ. ಮೇಲಿನ ಕೋಣೆಯಲ್ಲಿದ್ದ ಕೃಷ್ಣನನ್ನು ಮಾತ್ರ ಕರೆಯಲಿಲ್ಲ, ಅವನ ಮೇಲೆ ಅಷ್ಟು ಕೋಪ ಬಂದಿತ್ತು.

ಡಾಕ್ಟರು ನಡುವಯಸ್ಸಿನವರು, ಕೆಂಪು ಮುಖ, ಒದ್ದೆ ಕೋಟು. ಮಗಳ ಎದೆಗೆ ಸ್ಟೆಥಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಕಣ್ಣ ರೆಪ್ಪೆ ಎತ್ತಿ ನೋಡಿದರು. "ಏನಾದರೂ ಹಳದಿಯಾಗಿ ಕಾಣುತ್ತಿದೆಯೇನಮ್ಮ?" ಎಂದು ಕೇಳಿದರು.

"ಎವ್ರಿಥಿಂಗ್," ಎಂದಳು ಮಗಳು.

ಈ ವಿಷ ಏರಿದರೆ ಕಣ್ಣಿಗೆ ಲೋಕವೇ ಹಳದಿಯಾಗುತ್ತದಂತೆ. ಅದನ್ನು ಮನೆಯೊಡತಿ ಆಗಷ್ಟೇ ಹೇಳಿದ್ದರು. ಡಾಕ್ಟರು ತಲೆಯೆತ್ತಿ ಸುತ್ತ ನೋಡಿದರು. ನಾವು ಕೂತಿದ್ದ ಕೋಣೆಯ ಗೋಡೆ ಹಳದಿ, ಪರದೆ ಹಳದಿ, ಸೋಫಾ ಹಳದಿ. ನನಗೆ ಅದು ಅಲ್ಲಿಯವರೆಗೆ ಕಂಡೇ ಇರಲಿಲ್ಲ. ಅವರು ತಮ್ಮ ಬಿಳಿ ಕರ್ಚೀಫು ತೆಗೆದು ಹಿಡಿದರು. "ಇದು?" "ವೈಟ್," ಎಂದಳು. ನಾನು ಅತ್ತುಬಿಟ್ಟೆ.

"ಒಂದು ಚಮಚ ನೀರಿನಿಂದ ಇವಳಿಗೆ ಏನೂ ಆಗುವ ಹಾಗೆ ಕಾಣುವುದಿಲ್ಲ," ಎಂದರು ಡಾಕ್ಟರು. "ಆದರೂ ಇವತ್ತು ಕಣ್ಣಿಟ್ಟಿರಿ. ಆ ನೀರು ಉಳಿದಿದ್ದರೆ ತನ್ನಿ, ಎಷ್ಟು ಗಟ್ಟಿಯಾಗಿತ್ತು ನೋಡೋಣ."

ಆಗ ನೆನಪಾಯಿತು, ಇಷ್ಟು ಹೊತ್ತೂ ಅತ್ತೆ ನಮ್ಮ ಜೊತೆ ಇರಲೇ ಇಲ್ಲ. ಮೆಟ್ಟಿಲು ಹತ್ತಿ ಹೋದೆ. ಅವರು ಮಂಚದ ಅಂಚಿನಲ್ಲಿ ಕೃಷ್ಣನ ಎದುರಿಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಹೂ, ಎಲೆ ಎಲ್ಲವನ್ನೂ ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟಿದ್ದರು. ಬೆಳ್ಳಿಯ ಬಟ್ಟಲು ತೊಳೆದು ಬೋರಲು ಹಾಕಿತ್ತು.

"ಕೂಸು ಹೆಂಗದ?" ನನ್ನನ್ನು ನೋಡದೆ ಕೇಳಿದರು.

"ಚೆನ್ನಾಗಿದಾಳೆ. ಏನೂ ಆಗಿಲ್ಲಂತೆ." ಅವರು ಕಣ್ಣು ಮುಚ್ಚಿ ಕೈ ಮುಗಿದರು. "ಅತ್ತೆ, ಉಳಿದ ತೀರ್ಥ ಎಲ್ಲಿ? ಡಾಕ್ಟರು ಕೇಳ್ತಿದಾರೆ. ಚೆಲ್ಲಿದ್ರಾ?"

"ತೀರ್ಥ ಯಾರರ ಚೆಲ್ಲತಾರೇನವಾ?"

"ಮತ್ತೆ?"

"ಕುಡದೆ."

ಅಷ್ಟು ಸಹಜವಾಗಿ ಹೇಳಿದರು. ನಾನು ಅವರ ಮುಂದೆ ನೆಲದ ಮೇಲೆ ಕೂತೆ.

"ಪೂರ್ತಿನಾ ಅತ್ತೆ? ವಿಷ ಅಂತ ಗೊತ್ತಾದ ಮೇಲೆ?"

"ಗೊತ್ತಾದ ಮ್ಯಾಲೇ ಕುಡದೆ. ಕೂಸಿಗೆ ನನ್ನ ಕೈಯಾರ ಕೊಟ್ಟೇನಿ. ಅದಕ್ಕೇನಾಗ್ತದೋ ಅದು ನನಗೂ ಆಗ್ಲಿ ಅಂತ ಕುಡದೆ. ಅದಕ್ಕೇನರ ಆಗಿ ನಾ ಉಳದ್ರ ನಿನ್ನ ಮಾರಿ ಹೆಂಗ ನೋಡ್ಲಿ?"

ಕೆಳಗೆ ಓಡಿದೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಇವರು ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಾರೆಯೇ ಎಂದು. ಅತ್ತೆಯ ಮಾತ್ರೆಯ ಡಬ್ಬಿ ತಂದುಕೊಟ್ಟೆ. ಆ ಪುಟ್ಟ ಬಿಳಿ ಮಾತ್ರೆಯ ಹೆಸರು ಓದಿದಾಗ ಅವರ ಕೆಂಪು ಮುಖ ಬೇರೆಯಾಯಿತು. ಈ ಮಾತ್ರೆಯಲ್ಲಿರುವ ಔಷಧಿಯೂ ಇಂಥ ಗಿಡದಿಂದ ಬಂದದ್ದೇ ಎಂದರು. ಎದೆಬಡಿತ ನಿಧಾನ ಮಾಡಲು ಧೂಳಿನಷ್ಟು ಸಾಕು, ಅಳೆದು ಕೊಡುವುದು. ಇವರ ಮೈಯಲ್ಲಿ ಅದು ಆಗಲೇ ಇದೆ. ಅದರ ಮೇಲೆ ಒಂದು ಬಟ್ಟಲು. ಮಾತ್ರೆ ಇವತ್ತು ಬೆಳಗ್ಗೆ ತೆಗೆದುಕೊಂಡರೇ ಎಂದು ಕೇಳಿದರು. ತೆಗೆದುಕೊಂಡಿದ್ದರು. ನಾನೇ ನೆನಪಿಸಿದ್ದೆ.

ಆಂಬುಲೆನ್ಸ್ ಬರುವಷ್ಟು ಕಾಯುವುದು ಬೇಡವೆಂದು ಮನೆಯೊಡತಿ ತಮ್ಮ ಹಳೆಯ ಜೀಪು ತೆಗೆದರು. ಈಗ ಅವರ ನಿಧಾನ ಎಲ್ಲ ಹೋಗಿ, ಗೇಟಿನ ಕಂಬಕ್ಕೆ ಕನ್ನಡಿ ತಾಗಿಸಿಯೇ ಹೊರಟರು. ಹಿಂದಿನ ಸೀಟಿನಲ್ಲಿ ಡಾಕ್ಟರು ಅತ್ತೆಯ ನಾಡಿ ಹಿಡಿದು ಕೂತರು. ನಾನು ಮಗಳನ್ನು ಮಡಿಲಲ್ಲಿಟ್ಟುಕೊಂಡು ಮುಂದೆ ಕೂತೆ. ಬಳ್ಳಿಯಂತೆ ಸುತ್ತುವ ಕಿರಿದಾದ ರಸ್ತೆ, ಎರಡೂ ಕಡೆಯ ಬೇಲಿ ಗಾಜಿಗೆ ಉಜ್ಜುತ್ತಿತ್ತು. ಆ ಬೇಲಿಯ ತುಂಬ, ದಾರಿಯ ಉದ್ದಕ್ಕೂ, ಆ ನೇರಳೆ ಗಂಟೆ ಹೂಗಳು ನಿಂತಿದ್ದವು. ಆಳೆತ್ತರದ ದಂಟುಗಳು. ಗಾಳಿಗೆ ಅಲುಗಾಡುತ್ತಿದ್ದವು. ನಾನು ಮಗಳ ಮುಖವನ್ನು ನನ್ನ ಎದೆಗೆ ಒತ್ತಿಕೊಂಡೆ, ಅವಳು ಅದನ್ನು ನೋಡುವುದೇ ಅಪಾಯ ಎಂಬ ಹಾಗೆ. ಹಿಂದಿನಿಂದ ಅತ್ತೆ ಒಮ್ಮೆ, "ಇವರಿಗೆ ಗಾಡಿ ಸಾವಕಾಶ ಹೊಡೀ ಅನ್ನು, ಕೂಸಿಗೆ ಪೆಟ್ಟಾದೀತು," ಎಂದರು.

ಆಸ್ಪತ್ರೆ ಚಿಕ್ಕದು. ಅತ್ತೆಯ ಎದೆಗೆ ತಂತಿ ಅಂಟಿಸಿದರು, ಕೈಗೆ ಡ್ರಿಪ್ ಹಾಕಿದರು. ಮಗಳಿಗೂ ಪಕ್ಕದಲ್ಲೇ ಒಂದು ಹಾಸಿಗೆ ಕೊಟ್ಟರು. ಮಗಳ ಯಂತ್ರ ಚುರುಕಾಗಿ ಸದ್ದು ಮಾಡುತ್ತಿತ್ತು. ಅತ್ತೆಯದು ಒಮ್ಮೆ ಬಡಿದು, ನಿಂತು, ಯೋಚಿಸಿ, ಇನ್ನೊಮ್ಮೆ ಬಡಿಯುತ್ತಿತ್ತು. ಇದಕ್ಕೆ ಪ್ರತಿಮದ್ದು ಇದೆ, ಅದು ಇಲ್ಲಿಲ್ಲ, ದೊಡ್ಡ ಆಸ್ಪತ್ರೆಯಿಂದ ಬರಬೇಕು, ಹೊರಟಿದೆ ಎಂದು ನರ್ಸ್ ಹೇಳಿದರು. ಗಂಡನಿಗೆ ಫೋನು ಮಾಡಿದೆ. ಅವರು ಏನು ಏನು ಎಂದು ಕೇಳುತ್ತಲೇ ಇದ್ದರು. ನನ್ನ ಬಾಯಿಂದ ಎಳ್ಳಿನ ಹೂ ಎನ್ನುವುದು ಬಿಟ್ಟು ಬೇರೆ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅತ್ತೆ ಎರಡು ಸಲ ವಾಂತಿ ಮಾಡಿಕೊಂಡರು. ಬಾಯಿ ಒರೆಸಿ ದಿಂಬಿಗೆ ಒರಗಿಸಿದೆ. ಅವರು ಬಿಳಿ ಗೋಡೆಯನ್ನು, ಬಿಳಿ ಹೊದಿಕೆಯನ್ನು, ಆಮೇಲೆ ನನ್ನ ಮುಖವನ್ನು ದಿಟ್ಟಿಸಿ ನೋಡಿದರು.

"ಯಾಕವಾ, ಎಲ್ಲಾ ಅರಿಷಿಣ ಬಳದ್ಹಂಗ ಕಾಣಸ್ಲಿಕ್ಕತ್ತದ," ಎಂದರು. "ನಿನ್ನ ಮಾರಿಗೂ ಬಳದದ. ಮದವಿ ದಿನ ಇದ್ದಂಗ ಇದ್ದಿ."

ಆ ಕ್ಷಣಕ್ಕಿಂತ ದೊಡ್ಡ ಭಯವನ್ನು ನಾನು ಕಂಡಿಲ್ಲ. ಗುಡ್ಡದ ಬೆಂಕಿಗೆ ಬ್ಯಾಗು ಹಿಡಿದು ಓಡಬಹುದು. ಇಲ್ಲಿ ಓಡಲು ಜಾಗವಿರಲಿಲ್ಲ. ನನ್ನ ಮಗಳಿಗಾಗಿ ಈ ಹೆಂಗಸು ವಿಷ ಕುಡಿದಿದ್ದರು, ಅದು ಕಣ್ಣಿಗೆ ಏರಿತ್ತು, ಎದೆಗೆ ಇಳಿಯುತ್ತಿತ್ತು. ನಾನು ಅವರ ಕೈ ಹಿಡಿದು, "ಅತ್ತೆ, ಹೋಗಬೇಡಿ," ಎಂದೆ. ಅಷ್ಟೇ ಅಂದದ್ದು. ಹತ್ತು ಸಲ ಅಂದಿರಬೇಕು.

ಗಂಡ ಬಂದ ಸ್ವಲ್ಪ ಹೊತ್ತಿಗೆ ಔಷಧಿಯೂ ಬಂತು. ಅಲ್ಲಿ ಜೂನ್ ತಿಂಗಳ ಸಂಜೆ ಮುಗಿಯುವುದೇ ಇಲ್ಲ. ಹೊರಗೆ ಬೆಳಕಿರುವಾಗಲೇ ಅತ್ತೆಯ ಯಂತ್ರ ತಾಳ ಹಿಡಿಯತೊಡಗಿತು. ಎರಡು ದಿನ ಅಲ್ಲೇ ಇದ್ದೆವು. ಮೂರನೆಯ ದಿನ ಅತ್ತೆ ಗೋಡೆ ನೋಡಿ, ಸುಣ್ಣದ ಬಣ್ಣ ವಾಪಸು ಬಂತು ಎಂದರು. ಬಂಗಲೆಗೆ ಹಿಂತಿರುಗಿದಾಗ ಮನೆಯೊಡತಿ ಕೃಷ್ಣನ ಪಕ್ಕದಲ್ಲಿ ಒಂದು ಬೋಗುಣಿ ತುಂಬ ಗುಲಾಬಿ ಇಟ್ಟಿದ್ದರು, ತಾವೇ ಮುಳ್ಳು ತೆಗೆದು. ಇವು ಯಾರಿಗೂ ಏನೂ ಮಾಡುವುದಿಲ್ಲ ಎಂದು ಅತ್ತೆಗೆ ಕೈಸನ್ನೆಯಲ್ಲಿ ಹೇಳಿ, ಅವರ ಕೆನ್ನೆ ಮುಟ್ಟಿದರು. ಅತ್ತೆ ನಕ್ಕರು. ಆದರೆ ಗುಲಾಬಿಯನ್ನು ಅವರು ಮುಟ್ಟಲಿಲ್ಲ. ಉಳಿದ ದಿನಗಳೆಲ್ಲ ಕೃಷ್ಣನಿಗೆ ಬರಿಯ ನಮಸ್ಕಾರ.

ಸ್ಯಾನ್ ಡಿಯೇಗೋಗೆ ಬಂದ ಮಾರನೆಯ ದಿನವೇ ಪೂಜೆ ಮತ್ತೆ ಶುರುವಾಯಿತು. ಬೆಳಗಿನ ವಾಕಿಂಗಿಗೆ ಕವರ್ ಒಯ್ಯುವುದು ನಿಂತಿತು. ನಮ್ಮ ಹಿತ್ತಲಿನ ತುಳಸಿ, ನಮ್ಮ ನಲ್ಲಿಯ ನೀರು. ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಮಗಳು ಅಭ್ಯಾಸದಂತೆ ಅಂಗೈ ಚಾಚಿ ನಿಂತಳು. ಅತ್ತೆ ಅವಳಿಗೆ ಕೊಡಲಿಲ್ಲ. ಮೊದಲು ತಾವು ಕುಡಿದರು. ಆಮೇಲೆ ಕಿಟಕಿಯ ಬಳಿ ಹೋಗಿ ಕೂತು, ಎದುರಿನ ಬಿಳಿ ಗೋಡೆಯನ್ನು ನೋಡತೊಡಗಿದರು. ಏನು ನೋಡುತ್ತಿದ್ದಾರೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅದು ಬಿಳಿಯಾಗಿಯೇ ಉಳಿದಿದೆ ಎಂದು ಖಾತ್ರಿಯಾದ ಮೇಲೆ ಎದ್ದು ಬಂದು ಮೊಮ್ಮಗಳ ಕೈಗೆ ಒಂದು ಉದ್ಧರಣೆ ಹಾಕಿದರು.

ಅವತ್ತಿನಿಂದ ಅದೇ ಪದ್ಧತಿಯಾಯಿತು. ನನ್ನ ಹೆದರಿಕೆಗೆ ನಗುತ್ತಿದ್ದವರು ನನಗಿಂತ ಹೆಚ್ಚು ಹೆದರುವುದನ್ನು ಕಲಿತರು. ಗಂಡ ಒಮ್ಮೆ, ಇದು ಅತಿಯಾಯಿತು ಅಮ್ಮ, ಬರೀ ತುಳಸಿ ನೀರಲ್ಲವಾ ಎಂದರೆ, "ಅವತ್ತೂ ಬರೇ ನೀರೇ ಇತ್ತಪಾ," ಎಂದರು. ಮಗಳು ದೊಡ್ಡವಳಾದಳು, ಮಿಡಲ್ ಸ್ಕೂಲಿಗೆ ಹೋದಳು. ಈಜುವ ಕ್ಲಾಸಿಗೆ ತಡವಾದ ದಿನವೂ, ಬ್ಯಾಗು ಬೆನ್ನಿಗೆ ಹಾಕಿ, ಅಜ್ಜಿ ಗೋಡೆ ನೋಡಿ ಮುಗಿಸುವವರೆಗೆ ನಿಂತೇ ಕಾಯುತ್ತಿದ್ದಳು. ಏಕೆ ಎಂದು ಒಮ್ಮೆಯೂ ಕೇಳಲಿಲ್ಲ.

ಒಂದು ಬೆಳಗ್ಗೆ ನನಗೆ ತಡೆಯಲಾಗಲಿಲ್ಲ. ಅತ್ತೆ ತೀರ್ಥದ ಬಟ್ಟಲು ಎತ್ತಿ ತಾವು ಕುಡಿಯುವ ಮುಂಚೆ ಎದುರಿಗೆ ಹೋಗಿ ಕೈ ಚಾಚಿದೆ. "ಇವತ್ತು ಮೊದಲು ನನಗೆ ಕೊಡಿ ಅತ್ತೆ," ಎಂದೆ.

ಅವರು ನನ್ನ ಅಂಗೈ ನೋಡಿದರು. ಅಂದು ಆ ಬಂಗಲೆಯಲ್ಲಿ ಅವರು ಚಾಚಿದ ಕೈಯಿಂದ ನಾನು ಮಗಳನ್ನು ಎಳೆದುಕೊಂಡದ್ದು ಅವರಿಗೂ ನೆನಪಿತ್ತೋ ಏನೋ. ಬಟ್ಟಲಿನ ಬಾಯಿಯನ್ನು ತಮ್ಮ ಕೈಯಿಂದ ಮುಚ್ಚಿಕೊಂಡರು.

"ಬ್ಯಾಡ," ಎಂದರು. "ಕೂಸಿಗೆ ತಾಯಿ ಬೇಕು. ನೀ ತಡೀ."